ಎರಡೂ ಪಾದ ಊರುವ ಗಾಡಿ

ಬಸಲಿಂಗನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಏಳು ತಿಂಗಳಾಗಿತ್ತು. ಅದೇ ಹೊತ್ತಿಗೆ ಮಹಾದೇವಿ ಚೆಕಿಂಗ್ ಕೆಲಸ ಮಾಡುತ್ತಿದ್ದ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯವರು, ಘಟಕವನ್ನು ತುಮಕೂರಿನ ಕಡೆಗೆ ಸಾಗಿಸುವುದಾಗಿ ಗೇಟಿನ ಮೇಲೆ ನೋಟಿಸ್ ಅಂಟಿಸಿದರು. ಬರುವವರು ಬರಬಹುದು, ಬಸ್ಸಿನ ಏರ್ಪಾಡು ಇಲ್ಲ ಎಂದು ಅದರಲ್ಲಿ ಬರೆದಿತ್ತು. ನಡೆಯಲು ಊರುಗೋಲು ಬೇಕಾದ ಗಂಡನನ್ನು ಲಗ್ಗೆರೆಯ ಮೂರನೇ ಮಹಡಿಯ ಕೋಣೆಯಲ್ಲಿ ಬಿಟ್ಟು ದಿನಾ ಅಷ್ಟು ದೂರ ಹೋಗಿಬರುವುದು ಆಗದ ಮಾತು. ಮಹಾದೇವಿ ಎರಡು ದಿನ ಯೋಚಿಸಿ, ಮೂರನೆಯ ದಿನ ಹನುಮಂತರಾಯಪ್ಪನವರ ಶೆಡ್ಡಿಗೆ ಹೋದಳು.

ಹನುಮಂತರಾಯಪ್ಪ ಲಗ್ಗೆರೆಯ ಹಳೆಯ ಕುಟುಂಬದವರು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಅವರು ಶೆಡ್ ಕಟ್ಟಿ, ಕಾರ್ಖಾನೆಗಳ ಮೊಂಡಾದ ಡ್ರಿಲ್ಲು ಕಟ್ಟರುಗಳಿಗೆ ಸಾಣೆ ಹಿಡಿದುಕೊಡುವ ಕೆಲಸ ನಡೆಸುತ್ತಿದ್ದರು. ಪೀಣ್ಯದ ಸಣ್ಣಪುಟ್ಟ ವರ್ಕ್‌ಶಾಪುಗಳಿಂದ ಮಾಲು ತರುವುದು, ಸಾಣೆಯಾದ ಮೇಲೆ ತಲುಪಿಸುವುದು ಬಸಲಿಂಗನ ಪಾಲಿನದಾಗಿತ್ತು. ಲಿಂಗಸುಗೂರು ಬಿಟ್ಟು ಬಂದ ಮೇಲೆ ಅವನು ಮಾಡಿದ ಒಂದೇ ಕೆಲಸ ಅದು. ಹನ್ನೊಂದು ವರ್ಷ ಮಾಡಿದ್ದ. ಮಾಲು ತಲುಪಿಸಿ ಬರುವಾಗಲೇ ಬಿದ್ದಿದ್ದ. ಟೆಂಪೊವೊಂದು ಅಡ್ಡ ಬಂದು, ನಿಲ್ಲದೆ ಹೋಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದ್ದ.

ಆ ಕೆಲಸ ತನಗೆ ಕೊಡಿ ಎಂದು ಮಹಾದೇವಿ ಕೇಳಿದಾಗ ಹನುಮಂತರಾಯಪ್ಪ ಕೈಯಲ್ಲಿದ್ದ ಡ್ರಿಲ್ಲನ್ನು ಕೆಳಗಿಟ್ಟರು. ಗಾಡಿ ಓಡಿಸಲು ಬರುತ್ತದೆಯೇ ಎಂದರು. ಬರುವುದಿಲ್ಲ, ಕಲಿಯುತ್ತೇನೆ ಎಂದಳು. ತಮ್ಮ ಕೆಲಸದ ಮೇಲೆ ಹೋಗಿ ಕಾಲು ಕಳೆದುಕೊಂಡವನ ಹೆಂಡತಿ ಎಂಬುದು ಅವರ ಮನಸ್ಸಿನಲ್ಲಿತ್ತು.

"ಗಾಡಿ ನೋಡ್ಕ ತಾಯಿ, ನಾನ್ ಕೊಡುಸ್ತೀನಿ," ಎಂದರು. "ಅಲ್ಲೀಗಂಟ ಆಟೋದಾಗೇ ಮಾಲು ಕಳುಸ್ತೀನಿ. ಬಸಲಿಂಗನ್ನೇ ಕರ್ಕಂಡೋಗು. ಅವ್ನಿಗಿಂತ ಗೊತ್ತಿರೋರು ಯಾರವ್ರೆ?"

ಸ್ಕೂಟರ್ ಸಾಕಲ್ಲವೇ ಎಂದು ಮಹಾದೇವಿ ಗಂಡನನ್ನು ಕೇಳಿದಳು. ಸಾಲದು ಎಂದ ಬಸಲಿಂಗ. ಸ್ಕೂಟರಿನ ಗಾಲಿ ಸಣ್ಣದು, ಪೀಣ್ಯದ ಗುಂಡಿಗಳಲ್ಲಿ ಇಳಿದರೆ ಏಳುವುದಿಲ್ಲ, ಹಿಂದೆ ಕಬ್ಬಿಣದ ಪೆಟ್ಟಿಗೆ ಕಟ್ಟಿಕೊಂಡು ಹೋಗುವವರಿಗೆ ದೊಡ್ಡ ಗಾಲಿಯ ಬೈಕೇ ಬೇಕು ಎಂದು ವಿವರಿಸಿದ. ಏಳು ತಿಂಗಳಲ್ಲಿ ಅವನು ಅಷ್ಟು ಮಾತಾಡಿದ್ದೇ ಇರಲಿಲ್ಲ. ಮಹಾದೇವಿಗೆ ಸಮಾಧಾನವಾಯಿತು. ಮನುಷ್ಯನಿಗೆ ಮಾಡಲು ಒಂದು ಕೆಲಸ ಸಿಕ್ಕಿತು ಎಂದುಕೊಂಡಳು.

ಮೊದಲ ಭಾನುವಾರ ಸುಂಕದಕಟ್ಟೆಯ ಕಡೆ ಇದ್ದ ಕೊಟ್ರೇಶನ ಸೆಕೆಂಡ್‌ಹ್ಯಾಂಡ್ ಗಾಡಿಗಳ ಅಂಗಳಕ್ಕೆ ಆಟೋದಲ್ಲಿ ಹೋದರು. ಕೊಟ್ರೇಶನೂ ಅವರ ಸೀಮೆಯ ಪಕ್ಕದ ಬಳ್ಳಾರಿ ಕಡೆಯವನು, ಮಾತಿಗೆ ಮುಂಚೆ ಚಹಾ ತರಿಸಿದ. ಕೆಂಪು ಬಣ್ಣದ, ಎತ್ತರದ ಟ್ಯಾಂಕಿನ ಬೈಕೊಂದನ್ನು ಮುಂದೆ ತಂದು ನಿಲ್ಲಿಸಿದ. ಬಸಲಿಂಗ ಹೆಂಡತಿಗೆ ಹತ್ತಿ ಕೂರಲು ಹೇಳಿ, ಊರುಗೋಲಿನ ಮೇಲೆ ಬಾಗಿ ಅವಳ ಪಾದಗಳನ್ನು ನೋಡಿದ. ಬೆರಳುಗಳಷ್ಟೇ ನೆಲ ಮುಟ್ಟುತ್ತಿದ್ದವು.

"ಇದು ಬ್ಯಾಡ," ಎಂದ. "ನಿಂತಾಗ ಎರಡೂ ಪಾದ ಪೂರಾ ನೆಲಕ್ಕ ಊರಬೇಕು. ತುದಿಗಾಲ ಮ್ಯಾಲ ನಿಂತವ್ರು ಒಂದಿನ ಬೀಳ್ತಾರ."

ಎರಡನೆಯ ಭಾನುವಾರ ಸೀಟು ತಗ್ಗಿದ್ದ ಗಾಡಿ ಸಿಕ್ಕಿತು. ಬಸಲಿಂಗ ಟೈರಿನ ಬದಿಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಉಗುರಿನಿಂದ ಕೆರೆದು ಓದಿ, ಅದು ಯಾವ ವಾರ ಯಾವ ವರ್ಷ ತಯಾರಾದದ್ದೆಂದು ಹೇಳಿದ. ಗೆರೆ ಆಳವಾಗಿದ್ದರೂ ರಬ್ಬರು ಒಣಗಿ ಕಲ್ಲಾಗಿದೆ, ಮಳೆಯಲ್ಲಿ ಹಿಡಿಯುವುದಿಲ್ಲ ಎಂದ. ಟೈರು ಬದಲಿಸಿಕೊಡುತ್ತೇನೆ ಎಂದು ಕೊಟ್ರೇಶ ಹೇಳಿದರೂ ಒಪ್ಪಲಿಲ್ಲ. ಮೂರನೆಯ ಭಾನುವಾರದ ಗಾಡಿಯ ಮುಂದಿನ ಗಾಲಿಯನ್ನು ಹಿಡಿದ ಫೋರ್ಕು ಎಲ್ಲೋ ಗುದ್ದಿಸಿಕೊಂಡು ನೆಟ್ಟಗೆ ಮಾಡಿಸಿದ್ದಾಗಿತ್ತು. ಹ್ಯಾಂಡಲ್ ನೇರ ಹಿಡಿದರೂ ಗಾಲಿ ಒಂದು ಕೂದಲೆಳೆ ಎಡಕ್ಕೆ ನೋಡುತ್ತಿತ್ತು. ಅದನ್ನು ಬಸಲಿಂಗ ಕೂತಲ್ಲಿಂದಲೇ ಕಂಡುಹಿಡಿದ. ಕೊಟ್ರೇಶ ತಲೆ ಕೆರೆದುಕೊಂಡು ನಕ್ಕ.

ಮಹಾದೇವಿ ಎಲ್ಲವನ್ನೂ ಕೇಳಿಸಿಕೊಂಡಳು. ಕಾರ್ಖಾನೆಯಲ್ಲಿ ಬಟ್ಟೆಯ ಹೊಲಿಗೆಯಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸವಾದ್ದರಿಂದ ಇದೂ ಬೇಗ ತಲೆಗೆ ಹತ್ತಿತು.

ನಾಲ್ಕನೆಯ ಭಾನುವಾರ ಕೊಟ್ರೇಶ ಕಪ್ಪು ಬಣ್ಣದ, ಕಡಿಮೆ ಶಕ್ತಿಯ ಸಾದಾ ಬೈಕೊಂದನ್ನು ತೋರಿಸಿದ. ಬ್ಯಾಂಕಿನ ಗುಮಾಸ್ತರೊಬ್ಬರು ಇಟ್ಟುಕೊಂಡಿದ್ದ ಗಾಡಿ. ಮಹಾದೇವಿ ಹತ್ತಿ ಕೂತಳು. ಹಿಮ್ಮಡಿ ಸಮೇತ ಪಾದಗಳು ನೆಲಕ್ಕೆ ಊರಿದವು. ಟೈರು ಹೊಸದು. ಫೋರ್ಕು ನೇರ. ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ಹಿಡಿಯುವಂಥ ಏರ್ಪಾಡಿತ್ತು. ಹಗುರವಾಗಿತ್ತು, ಅವಳೊಬ್ಬಳೇ ಸ್ಟ್ಯಾಂಡ್ ಹಾಕಿದಳು. ಬಸಲಿಂಗ ಸುತ್ತ ಎರಡು ಸಲ ಕುಂಟಿದ. ಇಂಜಿನ್ ಚಾಲೂ ಮಾಡಿಸಿ ಕಿವಿಗೊಟ್ಟ. ಸದ್ದು ಸರಿ ಇಲ್ಲ ಎಂದ.

"ಸರಿ ಐತಿ," ಎಂದಳು ಮಹಾದೇವಿ.

"ನಿನಗೇನು ಗೊತ್ತು?"

"ಏಳು ವರ್ಷ ನಿಮ್ಮ ಹಿಂದ ಕುಂತು ಬಂದೀನಿ. ಸದ್ದು ಸರಿ ಐತಿ."

ಅವನು ಮುಖ ತಿರುಗಿಸಿ ಆಟೋದ ಕಡೆ ನಡೆದ. ಹೆಗ್ಗನಹಳ್ಳಿ ದಾಟುವಾಗ ಮಹಾದೇವಿಗೆ ಹೊಳೆಯಿತು: ಈ ಮನುಷ್ಯ ಗಾಡಿ ಹುಡುಕುತ್ತಿಲ್ಲ, ಬೇಡ ಎನ್ನಲು ಕಾರಣ ಹುಡುಕುತ್ತಿದ್ದಾನೆ. ತನ್ನ ಕೈತಪ್ಪಿದ ಕೆಲಸಕ್ಕೆ ಹೆಂಡತಿ ಹೋಗುವುದನ್ನು ಅವನಿಗೆ ಸಹಿಸಲಾಗುತ್ತಿಲ್ಲ ಎಂದುಕೊಂಡಳು. ಸಿಟ್ಟು ಬಂತು. ಪಾಪ ಎಂದೂ ಅನ್ನಿಸಿತು.

ಮಾರನೆಯ ದಿನ ಅವಳು ಇನ್ನೂ ಸ್ಥಳಾಂತರವಾಗದಿದ್ದ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ಒಬ್ಬಳೇ ಕೊಟ್ರೇಶನ ಅಂಗಳಕ್ಕೆ ಹೋದಳು. ಯಾರಾದರೂ ಗಂಡಸರನ್ನು ಕರೆತಂದಿದ್ದರೆ ಓಡಿಸಿ ನೋಡಬಹುದಿತ್ತು ಎಂದ ಅವನು. ಮಹಾದೇವಿ ಮಂಡಿಯೂರಿ ಟೈರಿನ ಅಂಕಿ ಓದಿದಳು, ಗಾಲಿ ಎತ್ತಿಸಿ ತಿರುಗಿಸಿದಳು, ಎರಡೂ ಬ್ರೇಕ್ ಹಿಡಿದು ಗಾಡಿಯನ್ನು ದೂಡಿ ನೋಡಿದಳು. ಗಂಡನ ಕೈಯೇ ತನ್ನ ಕೈಯಲ್ಲಿ ಬಂದು ಕೂತಂತೆ ಅನಿಸಿತು. ಹಣವನ್ನು ಹನುಮಂತರಾಯಪ್ಪನವರು ಕಟ್ಟಿದರು; ಸಂಜೆ ಕೊಟ್ರೇಶನೇ ಓಡಿಸಿಕೊಂಡು ಬಂದು ಗಾಡಿಯನ್ನು ಅವರ ಬೀದಿಯಲ್ಲಿ ನಿಲ್ಲಿಸಿ ಹೋದ. ಬಸಲಿಂಗ ಮೇಲಿನ ಕಟಾಂಜನದಿಂದ ಬಗ್ಗಿ ನೋಡಿ ಒಳಗೆ ಹೋದ. ನಾಲ್ಕು ದಿನ ಅದರ ಮಾತೆತ್ತಲಿಲ್ಲ.

ಕಲಿಕೆಯ ಲೈಸೆನ್ಸು ಕೈಗೆ ಬಂದ ಮೇಲಿನ ಭಾನುವಾರ ಬೆಳಿಗ್ಗೆ ಮಾತ್ರ ಅವನೇ ಮೊದಲು ಎದ್ದ. ನಡಿ, ಕಲಿಸುತ್ತೇನೆ ಎಂದ. ಮಹಾದೇವಿ ಗಾಡಿಯನ್ನು ತಳ್ಳಿಕೊಂಡು, ಬಸಲಿಂಗ ಊರುಗೋಲಿನ ಮೇಲೆ ಆಗಾಗ ನಿಂತು ಸುಧಾರಿಸಿಕೊಂಡು, ರಾಜಗೋಪಾಲನಗರದ ಆಚೆ ರಜೆಯ ದಿನ ಖಾಲಿಯಿರುವ ಕಾರ್ಖಾನೆಗಳ ಬೀದಿಗೆ ಬಂದರು. ಎರಡೂ ಕಡೆ ಮುಚ್ಚಿದ ಶಟರುಗಳು. ಮೋಡ ಕವಿದಿತ್ತು.

ಅವನು ಒಳ್ಳೆಯ ಗುರುವಾಗಿದ್ದ. ಮೊದಲ ಒಂದು ಗಂಟೆ ಇಂಜಿನ್ನನ್ನೇ ಚಾಲೂ ಮಾಡಗೊಡಲಿಲ್ಲ. ಕ್ಲಚ್ ಬಿಡುವುದನ್ನು, ಕಣ್ಣನ್ನು ಗಾಲಿಯ ಮೇಲಿಡದೆ ಹೋಗಬೇಕಾದ ಕಡೆಗೆ ಇಡುವುದನ್ನು ಹೇಳಿಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಅವಳು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿಬಂದಳು. ಮುಂದಿನ ಎರಡು ಭಾನುವಾರಗಳಲ್ಲಿ ತಿರುವು, ಏರು, ಎಂಟರ ಆಕಾರ ಎಲ್ಲ ಆದವು.

ಅದರಾಚೆಯ ವಾರ, ಕಟ್ಟಡವೊಂದರ ಮುಂದೆ ಸುರಿದಿದ್ದ ಎಂ-ಸ್ಯಾಂಡ್ ರಸ್ತೆಗೆ ಹರಡಿದ್ದ ಜಾಗಕ್ಕೆ ಅವಳನ್ನು ಕರೆದೊಯ್ದ. ಮರಳಿನ ಮೇಲೆ ನಿಧಾನ ಬಂದು ನಿಲ್ಲಿಸು ಎಂದ. ಅವಳು ಬಂದಳು, ಅಳುಕಿನಿಂದ ಬಲಗೈಯ ಮುಂದಿನ ಬ್ರೇಕ್ ಬಿಗಿದಳು. ಮುಂದಿನ ಗಾಲಿ ಸರಕ್ಕನೆ ಜಾರಿತು. ಎರಡೂ ಪಾದ ನೆಲಕ್ಕೆ ಕೊಟ್ಟು ಹೇಗೋ ತಡೆದಳು. ತಿರುಗಿ ನೋಡಿದರೆ ಬಸಲಿಂಗ ಊರುಗೋಲು ಕೆಳಗೆ ಬಿಟ್ಟು ಗೋಡೆಗೆ ಒರಗಿ ಬೆವರುತ್ತಿದ್ದ. ಅವಳು ಗಾಡಿ ನಿಲ್ಲಿಸಿ ಹತ್ತಿರ ಹೋದಳು.

"ಟೆಂಪೊ ಇರ್ಲಿಲ್ಲ ಮಾದೇವಿ," ಎಂದ.

ಯಾವ ಟೆಂಪೊ ಎಂದು ಅವಳಿಗೆ ತಕ್ಷಣ ತಿಳಿಯಲಿಲ್ಲ.

"ಅವತ್ತು ಯಾವ ಟೆಂಪೊನೂ ಅಡ್ಡ ಬರ್ಲಿಲ್ಲ. ಲಗೂನ ಮುಟ್ಟಬೇಕಂತ ಜೋರು ಹೊಂಟಿದ್ದೆ. ತಿರುವಿನ್ಯಾಗ ಇಂಥದೇ ಉಸುಕಿತ್ತು. ಗಾಬರಿ ಬಿದ್ದು ಮುಂದಿನ ಬ್ರೇಕ್ ಪೂರಾ ಹಿಡದೆ. ಹೋಗಿ ಡಿವೈಡರಿಗೆ ಬಡದೆ."

ಮಹಾದೇವಿ ಅಲ್ಲೇ ಕಲ್ಲಿನ ಮೇಲೆ ಕೂತಳು. ಇಷ್ಟೂ ತಿಂಗಳು ಅವಳು ಆ ಟೆಂಪೊದವನಿಗೆ ಶಾಪ ಹಾಕಿದ್ದಳು. ಆಸ್ಪತ್ರೆಯ ವರಾಂಡದಲ್ಲಿ, ಸ್ನಾನಕ್ಕೆ ನೀರು ಹೊತ್ತು ಮೆಟ್ಟಿಲು ಹತ್ತುವಾಗ, ಗಂಡನ ಪ್ಯಾಂಟಿನ ಒಂದು ಕಾಲನ್ನು ಮಡಚಿ ಹೊಲಿಯುವಾಗ ಅವನ ಮನೆ ಹಾಳಾಗಲಿ ಎಂದಿದ್ದಳು. ಮುಖವೇ ಇಲ್ಲದ ಅವನಿಗೆ ಒಂದು ಮುಖವನ್ನೂ ಕೊಟ್ಟುಕೊಂಡಿದ್ದಳು.

"ಗಾಡ್ಯಾಗ ಏನೂ ದೋಷ ಇರ್ಲಿಲ್ಲ," ಎಂದ ಬಸಲಿಂಗ, ನೆಲ ನೋಡುತ್ತ. "ನಾ ಹನ್ನೊಂದು ವರ್ಷ ಓಡಿಸಿದಾಂವ. ನೀ ಹನ್ನೊಂದು ದಿನ ಓಡಿಸಿಲ್ಲ. ಓಡಿಸೋರು ತಪ್ಪು ಮಾಡಿದ್ರೂ ಕೆಡವದಂಥ ಗಾಡಿ ಹುಡುಕಿದೆ. ಎಲ್ಲಿ ಸಿಗಬೇಕು?"

ಕೆಲಸದ ಮೇಲಿದ್ದಾಗ ಬೇರೆಯವರಿಂದ ಆಯಿತು ಎಂದರೆ ಮಾಲೀಕರು ಕೈಬಿಡುವುದಿಲ್ಲ ಎಂದುಕೊಂಡು ಆ ಹೊತ್ತಿಗೆ ಟೆಂಪೊದ ಸುಳ್ಳು ಹೇಳಿಬಿಟ್ಟನಂತೆ. ಆಮೇಲೆ ಬದಲಿಸಲು ಬಾಯಿ ಬರಲಿಲ್ಲವಂತೆ. ಮಹಾದೇವಿ ಎದ್ದಳು. ಊರುಗೋಲು ಎತ್ತಿ ಅವನ ಕೈಗೆ ಕೊಟ್ಟಳು. ಮತ್ತೆ ಗಾಡಿ ಹತ್ತಿ, ಅದೇ ಮರಳಿನ ಮೇಲೆ, ಬ್ರೇಕ್ ಹಿಡಿಯುವ ಬೆರಳು ಮೆತ್ತಗಾಗುವವರೆಗೆ ನಿಲ್ಲಿಸುವುದನ್ನು ಅಭ್ಯಾಸ ಮಾಡಿದಳು. ಸಂಜೆಗೆ ಹನಿ ಬಿದ್ದಾಗ ಮನೆಗೆ ಹೊರಟರು. ಹನುಮಂತರಾಯಪ್ಪನವರಿಗೆ ಅವಳು ಆ ವಿಷಯ ಹೇಳಲಿಲ್ಲ. ಹೇಳಿದರೆ ಗಾಡಿಯನ್ನು ಯಾವ ಮುಖದಿಂದ ಇಟ್ಟುಕೊಳ್ಳುವುದು? ಸುಳ್ಳಿನಲ್ಲಿ ತನಗೂ ಒಂದು ಪಾಲು ಬಂತು ಎಂದು ಗೊತ್ತಿದ್ದೂ ಸುಮ್ಮನಾದಳು.

ಲೈಸೆನ್ಸಿನ ಪರೀಕ್ಷೆ ಪಾಸಾಗಿ ಕೆಲಸ ಶುರುವಾಯಿತು. ಹಿಂದೆ ಕಬ್ಬಿಣದ ಪೆಟ್ಟಿಗೆ, ಮುಂದೆ ಟ್ರೇಲರುಗಳು, ಎಡಬಲಕ್ಕೆ ನುಗ್ಗುವ ಕಂಪನಿ ಬಸ್ಸುಗಳು. ಹದಿಮೂರನೆಯ ದಿನ ಪೀಣ್ಯ ಎರಡನೇ ಹಂತದಲ್ಲಿ, ಮಳೆ ನಿಂತ ಸ್ವಲ್ಪ ಹೊತ್ತಿಗೆ, ರಸ್ತೆಗೆ ಚೆಲ್ಲಿದ್ದ ಮಷಿನ್ ಎಣ್ಣೆಯ ಮೇಲೆ ಜಾರಿ ಬಿದ್ದಳು. ನಿಧಾನ ಹೋಗುತ್ತಿದ್ದಳು. ಗಾಡಿ ಹಗುರವಾಗಿದ್ದರಿಂದ ಕಾಲು ಸಿಕ್ಕಿಕೊಳ್ಳಲಿಲ್ಲ. ಮೊಣಕೈ ತರಚಿತ್ತು, ಹ್ಯಾಂಡಲಿನ ಒಂದು ಲಿವರ್ ಬಾಗಿತ್ತು, ಅಷ್ಟೆ. ಎದುರಿನ ಶೆಡ್ಡಿನವರು ಓಡಿ ಬರುವಷ್ಟರಲ್ಲಿ ತಾನೇ ಎತ್ತಿ ನಿಲ್ಲಿಸಿದ್ದಳು. ಇನ್ನೂ ಎರಡು ಕಡೆ ಮಾಲು ಕೊಟ್ಟು ಮನೆಗೆ ಹೋದಳು.

ಮುಚ್ಚಿಡಬಾರದು ಎಂದು ಅವಳು ಮೆಟ್ಟಿಲು ಹತ್ತುವಾಗಲೇ ನಿರ್ಧರಿಸಿದ್ದಳು. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬಸಲಿಂಗ ಎಲ್ಲಿ, ಎಷ್ಟು ವೇಗ, ಯಾವ ಬ್ರೇಕ್ ಎಂದು ಕೇಳಿದ. ನೀ ಏನೂ ತಪ್ಪು ಮಾಡಿಲ್ಲ ಎಂದ. ಆದರೆ ತಟ್ಟೆಯ ಮುಂದೆ ಕೂತವನು ರೊಟ್ಟಿ ಮುರಿಯಲಿಲ್ಲ.

ಆ ಮೇಲೆ ಫೋನು ಶುರುವಾಯಿತು. ಹತ್ತು ನಿಮಿಷಕ್ಕೊಮ್ಮೆ ಮಾಡುತ್ತಿದ್ದ. ಓಡಿಸುವಾಗ ಎತ್ತಬಾರದು ಎಂದು ಅವನೇ ಕಲಿಸಿದ್ದ ಪಾಠ; ಎತ್ತದಿದ್ದರೆ ಶೆಡ್ಡಿಗೆ ಮಾಡುತ್ತಿದ್ದ, ಶೆಡ್ಡಿನವರು ಎತ್ತದಿದ್ದರೆ ಮೂರು ಮಹಡಿ ಇಳಿದು ಬೀದಿಯ ತುದಿಯಲ್ಲಿ ಬಂದು ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಬಿಸಿಲಿಗೆ ಅಲ್ಲೇ ಕುಸಿದು, ಅಕ್ಕಪಕ್ಕದವರು ನೀರು ಕುಡಿಸಿದರು.

"ಊರಿಗೆ ಹೋಗ್ತೀನಿ," ಎಂದ ಆ ಸಂಜೆ. "ಅಣ್ಣನ ಮನ್ಯಾಗ ಇರ್ತೀನಿ. ಇಲ್ಲಿ ಕುಂತು ನಿನ್ನ ದಾರಿ ಕಾಯಾಕ ನನ್ನಿಂದ ಆಗೂದಿಲ್ಲ."

ಕೆಲಸ ಬಿಡು ಎಂದು ಅವನು ಹೇಳಲಿಲ್ಲ. ಬಿಡುತ್ತೇನೆ ಎಂದು ಅವಳೂ ಹೇಳಲಿಲ್ಲ. ಎರಡು ಜೊತೆ ಬಟ್ಟೆ, ಗುಳಿಗೆಗಳು, ಕಾಲಿನ ಆಸ್ಪತ್ರೆ ಕಾಗದಪತ್ರಗಳನ್ನು ಚೀಲಕ್ಕೆ ತುಂಬಿದಳು. ಯಶವಂತಪುರದ ರೈಲು ನಿಲ್ದಾಣಕ್ಕೆ ತನ್ನ ಹಿಂದೆ ಕೂತು ಬರುತ್ತೀರಾ ಎಂದು ಕೇಳಿದಾಗ ಅವನು ಬೇಡವೆಂದು ತಲೆಯಾಡಿಸಿದ. ಆಟೋ ಹಿಡಿದ. ಅವಳು ಬೈಕಿನಲ್ಲಿ ಹಿಂದೆ ಹೋದಳು. ಆಟೋದ ಬದಿಯಿಂದ ಊರುಗೋಲಿನ ತುದಿ ಹೊರಗೆ ಚಾಚಿತ್ತು. ಗೊರಗುಂಟೆಪಾಳ್ಯದ ಹತ್ತಿರ ಅವನು ಒಂದು ಸಲ ಬಗ್ಗಿ ಹಿಂದೆ ನೋಡಿ, ತಕ್ಷಣ ತಲೆ ಒಳಗೆಳೆದುಕೊಂಡ.

ದೀಪಾವಳಿಗೆ ಬರುತ್ತೇನೆಂದವನು ಬರಲಿಲ್ಲ. ಊರಲ್ಲಿ ರಸ್ತೆ ಬದಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದೇನೆ, ಕೂತೇ ಮಾಡುವ ಕೆಲಸ ಎಂದು ಫೋನಿನಲ್ಲಿ ಹೇಳಿದ. ದನಿಯಲ್ಲಿ ಸ್ವಲ್ಪ ಗೆಲುವಿತ್ತು. ನೀನೂ ಬಂದುಬಿಡು ಎಂದ. ಮಹಾದೇವಿ ಆಗ ಜಾಲಹಳ್ಳಿ ಕ್ರಾಸಿನ ಬಳಿ ಗಾಡಿ ಬದಿಗೆ ನಿಲ್ಲಿಸಿಕೊಂಡು ಮಾತಾಡುತ್ತಿದ್ದಳು. ಲಾರಿಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡಿದ್ದಳು. ನಾಳೆ ನಾಲ್ಕು ಕಡೆ ಮಾಲು ಕೊಡುವುದಿದೆ ಎಂದಳು. ಫೋನು ಕಟ್ಟಾಯಿತೋ ಏನೋ ಎಂದು ಅವಳು ನೋಡಿದಳು. ಕಟ್ಟಾಗಿರಲಿಲ್ಲ.