ಶಂಕರಮ್ಮನ ಅಂಗಿ ತೋಳು

ಹೊನ್ನಾಳಿಯ ಮುರುಗೇಶಪ್ಪನ ವರ್ಕ್‌ಶಾಪಿನಲ್ಲಿ ಅಡಿಕೆ ಸುಲಿಯುವ ಹತ್ತು ಹೊಸ ಯಂತ್ರಗಳು ಮರುದಿನ ಲಾರಿ ಹತ್ತಲು ಸಿದ್ಧವಾಗಿದ್ದವು. ಅವುಗಳ ನಕ್ಷೆ ಬರೆದ ಅರುಣ್ ಕುಮಾರನೇ ಪರೀಕ್ಷೆ ಮಾಡಿ, ಎಲ್ಲವೂ ಸರಿ ಎಂದು ಬರೆದಿದ್ದ. ಆದರೂ ಮನಸ್ಸು ತಡೆಯದೆ ಮುರುಗೇಶಪ್ಪ, ಇಪ್ಪತ್ತು ವರ್ಷ ಅಡಿಕೆ ಸುಲಿದ ಶಂಕರಮ್ಮನನ್ನು ಒಂದು ಯಂತ್ರ ಓಡಿಸಿ ನೋಡಲು ಕರೆಸಿದ.

ಆಕೆ ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು ಬಂದಳು.

“ಇದೇನಮ್ಮ, ಯಜಮಾನ್ರ ಅಂಗಿ?” ಅರುಣ್ ನಕ್ಕ.

“ಸುಲಿಯಾಕೆ ಕೂತ್ರೆ ಹೆಂಗಸ್ರೆಲ್ಲಾ ಹಿಂಗೇ ಕಣಪ್ಪ. ಅಡಿಕೆ ಕಲೆ ಸೀರೆಗೆ ಹತ್ತಿದ್ರೆ ಹೋಗಲ್ಲ.”

ಯಂತ್ರ ಶುರುವಾಯಿತು. ಆಕೆ ಮೂರನೆಯ ಬೊಗಸೆ ಅಡಿಕೆ ಹಾಕುವಾಗ ಅಂಗಿಯ ಸಡಿಲ ತೋಳು ರೋಲರಿಗೆ ಸಿಕ್ಕಿತು. ಸ್ವಿಚ್ಚಿನ ಮೇಲೆಯೇ ಕೈ ಇಟ್ಟುಕೊಂಡಿದ್ದ ಮುರುಗೇಶಪ್ಪ ತಕ್ಷಣ ಆರಿಸಿದ. ಅಂಗಿ ಮೊಣಕೈವರೆಗೆ ಹರಿದಿತ್ತು, ಕೈ ಉಳಿದಿತ್ತು.

ಅರುಣ್ ತನ್ನ ಅರ್ಧ ತೋಳಿನ ಶರ್ಟನ್ನು ನೋಡಿಕೊಂಡ. “ತಪ್ಪು ನಂದು ಸಾರ್.”

“ನಂದೂ ಐತೆ. ನೀನು ಮೊದಲ್ನೇ ಗೆರೆ ಎಳೆಯೋ ದಿನಾನೇ ಈಯಮ್ಮನ್ನ ಕರೀಬೇಕಿತ್ತು.”

ಮುರುಗೇಶಪ್ಪ ಫೋನ್ ಮಾಡಿ ಲಾರಿ ಬೇಡವೆಂದ. “ಶಂಕರಮ್ಮ, ನಾಳೆಯಿಂದ ನಕ್ಷೆ ಬರೆಯೋವಾಗ ನೀವೂ ಕೂತ್ಕೊಳ್ರಿ. ಹೊಸ ಅಂಗಿ ಕೊಡಿಸ್ತೀನಿ.”

“ಬ್ಯಾಡ್ರಿ ಸಾವ್ಕಾರ್ರೆ. ಹರಿದಿದ್ದನ್ನೇ ಹಾಕ್ಕೊಂಡು ಬರ್ತೀನಿ. ಈ ಹುಡುಗನ ಕಣ್ಣ ಮುಂದೆ ಇರ್ಲಿ.”