ಕಲಾಯಿ ಹಸನ್ ಸಾಬನ ಗುರುತು

“ನಮ್ಮಜ್ಜನ್ನ ಕಳ್ಳ ಅಂತ ಬರದಿದ್ರೂ ತಡಕೊಳ್ತಿದ್ದೆ. ಅವನ ಗುರುತು ಕಥಿಗೆ ಹಾಕಿ ದೇಶದ್ರೋಹಿ ಮಾಡೀದಿ. ಯಾರನ್ನ ಕೇಳಿ ಮಾಡೀದಿ ಲೇ?”

ಯೂನುಸ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಗಂಗಾಧರನ ಚಹಾದ ಲೋಟ ಉರುಳಿತು. ಗಂಗಾಧರ ಅದನ್ನು ಎತ್ತಲಿಲ್ಲ. ತಪ್ಪು ತನ್ನದೆಂದು ಗೊತ್ತಾದಾಗ ಅವನಿಗೆ ಮೊದಲು ಬರುವುದು ಸಿಟ್ಟು.

“ನಾ ಒಳಗ ಸಣ್ಣದಾಗಿ ಬರದೆ. ಮುಖಪುಟದ ಮ್ಯಾಲೆ ಅದನ್ನ ಅಂಗೈಯಗಲ ಬರದಾವ ನೀನು. ನಿನ್ನ ಕಣ್ಣು ಎಲ್ಲಿ ಅಡವಿಟ್ಟಿದ್ದಿ?”

ಆ ಮಾತು ತಾಗಬೇಕಾದಲ್ಲಿ ತಾಗಿತು.

ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಗೋದಾಮಿನ ಮೇಲಿನ ಈ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಇಬ್ಬರೂ ಸೇರಿ ಮಕ್ಕಳಿಗಾಗಿ ಪತ್ತೇದಾರಿ ಕಾದಂಬರಿ ತರುತ್ತಿದ್ದರು. ಬರೆಯುವವನು ಗಂಗಾಧರ, ಹಗಲು ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಮುಖಪುಟ ಬರೆಯುವವನು ಯೂನುಸ, ಉಳಿದ ಹೊತ್ತಿನಲ್ಲಿ ಅಂಗಡಿಗಳ ಬೋರ್ಡು, ಟ್ರ್ಯಾಕ್ಟರುಗಳ ಬೆನ್ನು ಬರೆಯುವವನು. ಹನ್ನೆರಡು ಪುಸ್ತಕ ಬಂದಿದ್ದವು. ಹನ್ನೊಂದು ನೆಲಕ್ಕೆ ಬಿದ್ದದ್ದು ಯಾರಿಗೂ ಕೇಳಿಸಿರಲಿಲ್ಲ. ಹನ್ನೆರಡನೆಯದು ಮಾತ್ರ ಕೂಡ್ಲಿಗಿಯಿಂದ ಹಡಗಲಿವರೆಗೆ ಶಾಲೆಶಾಲೆಯಲ್ಲಿ ಕೈಯಿಂದ ಕೈಗೆ ಹರಿದಾಡಿತ್ತು.

ಅದರ ಕಥೆ ಎರಡನೆಯ ಮಹಾಯುದ್ಧದ ಕಾಲದ್ದು. ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನೊಬ್ಬ ಶತ್ರುಗಳ ಗೂಢಚಾರ. ಸೈನ್ಯಕ್ಕೆ ಹೋಗುವ ಕಂಬಳಿಗಳ ಲೆಕ್ಕವನ್ನು ಪಾತ್ರೆಯ ತಳದಲ್ಲಿ ಕಾಗೆ ಕಾಲಿನಂಥ ಗೀಟು, ಪಕ್ಕದಲ್ಲಿ ಚುಕ್ಕೆ ಹೊಡೆದು ದಾಟಿಸುತ್ತಾನೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅದನ್ನು ಬಯಲಿಗೆಳೆಯುತ್ತಾಳೆ. ಆ ಕಾಗೆ ಕಾಲನ್ನು ಗಂಗಾಧರ ತನ್ನ ತಾಯಿಯ ಹಳೆಯ ಚರಿಗೆಯ ತಳದಲ್ಲಿ ಕಂಡಿದ್ದ. ಯಾವನೋ ಕಂಚುಗಾರನ ಮುದ್ರೆ ಇರಬೇಕೆಂದು ಕಥೆಗೆ ಎತ್ತಿಕೊಂಡಿದ್ದ. ಅಷ್ಟಕ್ಕೇ ಬಿಡದೆ ಕೊನೆಯ ಪುಟದಲ್ಲಿ, ನಿಮ್ಮ ಮನೆಯ ಹಳೆ ಪಾತ್ರೆಗಳನ್ನೂ ತಿರುವಿ ನೋಡಿ ಎಂದು ಮಕ್ಕಳಿಗೆ ಕೆಲಸ ಹಚ್ಚಿದ್ದ.

ಮಕ್ಕಳು ನೋಡಿದರು. ತಂಬ್ರಹಳ್ಳಿಯಲ್ಲಿ ಅಟ್ಟ ಹತ್ತಿ ಕೊಡ, ಕೊಪ್ಪರಿಗೆ ಉರುಳಿಸಿದರು. ಹದಿನಾಲ್ಕು ಮನೆಗಳಲ್ಲಿ ಕಾಗೆ ಕಾಲು ಸಿಕ್ಕಿತು. ಯಾವುದೋ ಮುದುಕಿ ಕಪಟವಿಲ್ಲದೆ, ಅದು ನಮ್ಮ ಹಸನ್ ಸಾಬನ ಕೈ ಅಂದಳು.

ಹಸನ್ ಸಾಬ್ ಯೂನುಸನ ಅಜ್ಜ, ತಂಬ್ರಹಳ್ಳಿಯವನು; ಸುತ್ತಲಿನ ಊರುಗಳಿಗೂ ಅವನದೇ ಕಲಾಯಿ. ಹತ್ತು ಮನೆಯ ಪಾತ್ರೆಗಳನ್ನು ಒಟ್ಟಿಗೆ ಕುಲುಮೆಗೆ ಒಯ್ದರೆ ಕಲೆಸಿಹೋಗುತ್ತವೆಂದು ಆತ ತಳಕ್ಕೆ ತನ್ನ ಗುರುತು ಹೊಡೆಯುತ್ತಿದ್ದ. ಒಂದು ಚುಕ್ಕೆಯಾದರೆ ಮೇಲಿನ ಓಣಿ, ಎರಡಾದರೆ ಕೆಳಗಿನ ಓಣಿ. ಓದು ಬಾರದವನ ಲೆಕ್ಕ ಅದು. ಮಗ ಟ್ರ್ಯಾಕ್ಟರ್ ರಿಪೇರಿಗೆ ಇಳಿದ, ಕುಲುಮೆ ಆರಿತು. ಆಮೇಲೆ ಹುಟ್ಟಿದ ಯೂನುಸನಿಗೆ ಈ ಗುರುತು ಗೊತ್ತಿರಲಿಲ್ಲ. ಮನೆಯವರಲ್ಲಿ ಗೊತ್ತಿದ್ದವಳು ಹಸನ್ ಸಾಬನ ಮಗಳು, ಯೂನುಸನ ಸೋದರತ್ತೆ ಶರೀಫಾ ಬೀ ಒಬ್ಬಳೇ. ಅವಳಿಗೆ ಎಂಬತ್ನಾಲ್ಕು.

ಹುಡುಗರು ಅವಳ ಬಾಗಿಲಿಗೆ ನೋಟುಬುಕ್ಕು ಹಿಡಿದು ಬಂದರಂತೆ. ಹೀಯಾಳಿಸಲಿಲ್ಲ, ಪತ್ತೇದಾರರಂತೆ ಮರ್ಯಾದೆಯಿಂದಲೇ ನಿಮ್ಮಪ್ಪ ಯಾರಿಗೆ ಸುದ್ದಿ ಕೊಡುತ್ತಿದ್ದರು ಎಂದು ಕೇಳಿದರು. ಮೊದಲ ದಿನ ಅವಳು ನಕ್ಕು ಮಂಡಕ್ಕಿ ಕೊಟ್ಟು ಕಳಿಸಿದಳು. ಆಮೇಲೆ ದೊಡ್ಡವರೂ ಕೇಳತೊಡಗಿದರು. ಐವತ್ತು ವರ್ಷ ಮಜ್ಜಿಗೆ ಕೊಟ್ಟು ತೆಗೆದುಕೊಂಡಿದ್ದ ಪಕ್ಕದ ಮನೆಯ ಗುರುಬಸಮ್ಮ, ಇಲ್ಲದ ಉಸಾಬರಿ ಯಾಕೆಂದು ತನ್ನ ಕೊಡದ ತಳವನ್ನು ಅರದಿಂದ ಉಜ್ಜಿಸಿದಳು. ಆ ಕರ್ರ್ ಸದ್ದು ಗೋಡೆಯಾಚೆ ಕೇಳಿದ ದಿನದಿಂದ ಶರೀಫಾ ಬೀ ಹೊಸ್ತಿಲು ದಾಟಿರಲಿಲ್ಲ. ಸರಿಯಾಗಿ ಉಂಡೂ ಇರಲಿಲ್ಲ.

ಇಷ್ಟನ್ನು ಹೇಳಿ ಯೂನುಸ ಕುರ್ಚಿಯಲ್ಲಿ ಕುಸಿದ. ಅವನ ದನಿಯಲ್ಲಿ ಜಗಳ ಉಳಿದಿರಲಿಲ್ಲ. ಗಂಗಾಧರನಿಗೂ ಸಾಕಾಗಿತ್ತು. ತನ್ನ ಐವತ್ತೆರಡನೆಯ ವಯಸ್ಸಿಗೆ ಒಂದು ಪುಸ್ತಕ ನಡೆಯಿತು, ಅದೂ ಇನ್ನೊಬ್ಬರ ಮನೆಯ ಮೇಲೆ ಕಾಲಿಟ್ಟು ನಡೆಯಿತು.

ಅವನು ಎರಡನೆಯ ಭಾಗದ ಹಸ್ತಪ್ರತಿ ಎಳೆದುಕೊಂಡ. ಇದರಲ್ಲಿ ಎಲ್ಲ ಸರಿ ಮಾಡುತ್ತೇನೆ ಎಂದ. ಕಲಾಯಿಯವನು ಗೂಢಚಾರನೇ ಅಲ್ಲ, ಒಳಗೊಳಗೆ ಸ್ವಾತಂತ್ರ್ಯ ಹೋರಾಟಗಾರರ ಕಡೆಯವನು. ಕೊನೆಯಲ್ಲಿ ಊರೇ ಅವನ ಕಾಲಿಗೆ ಬೀಳುತ್ತದೆ. ಹೇಳುತ್ತ ಹೇಳುತ್ತ ಅವನಿಗೇ ಹುರುಪು ಬಂತು.

ಯೂನುಸ ಕೊನೆಯವರೆಗೂ ಕೇಳಿದ.

“ಅವ ಅದೂ ಅಲ್ಲೋ. ಅವ ಕಲಾಯಿ ಹಾಕ್ತಿದ್ದ. ಅಷ್ಟ. ಅಷ್ಟು ಸಾಲೋದಿಲ್ಲೇನು ನಿನಗ?”

ಅಷ್ಟು ಸಾಲದೆಂದೇ ತಾನೆ ಗಂಗಾಧರ ಹನ್ನೊಂದು ವರ್ಷ ಬರೆದದ್ದು.

ಯೂನುಸ ಕೇಳಿದ್ದು ಸಣ್ಣದು. ಶನಿವಾರ ಬೆಳಿಗ್ಗೆ ತಂಬ್ರಹಳ್ಳಿ ಶಾಲೆಗೆ ಬಾ, ಪ್ರಾರ್ಥನೆ ಮುಗಿದ ಮೇಲೆ ನಿಂತು, ಆ ಗುರುತು ಹಸನ್ ಸಾಬನದು, ಕಥೆ ನಾನು ಕಟ್ಟಿದ್ದು ಎಂದು ಹೇಳು. ಮಕ್ಕಳು ಬರೆದವನ ಮಾತು ನಂಬುತ್ತಾರೆ. ಹಾಗೇ ಮನೆಗೆ ಬಂದು ಅತ್ತೆಯೆದುರು ಒಂದು ಗಳಿಗೆ ಕೂತು ಹೋಗು.

ಗಂಗಾಧರ ಹಸ್ತಪ್ರತಿಯ ಅಂಚನ್ನು ಸವರಿದ. ಗಂಟು ಬಿಚ್ಚುವುದು ಎರಡನೆಯ ಭಾಗದಲ್ಲಿ. ಬರೆದವನೇ ಈಗ ಬಾಯಿ ಬಿಟ್ಟರೆ ಅದನ್ನು ಓದುವವರು ಯಾರು?

“ನಾಕು ತಿಂಗಳು ತಡಿ, ಯೂನುಸ. ಪುಸ್ತಕ ಬರಲಿ. ಆಮ್ಯಾಲೆ ನೀ ಕರದ ಕಡಿ ಬರ್ತೀನಿ.”

“ನಾಕು ತಿಂಗಳು,” ಎಂದ ಯೂನುಸ. ಎದ್ದ. ಮೂಲೆಯಲ್ಲಿದ್ದ ಕುಂಚಗಳ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡ. ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ ಹೋದ.

ಹಿಂದೆಯೂ ಅವನು ಹೀಗೆ ಎದ್ದು ಹೋಗಿದ್ದುಂಟು. ಬಸ್ ಸ್ಟ್ಯಾಂಡಿನತನಕ ಹೋಗಿ ಮಿರ್ಚಿ ಕಟ್ಟಿಸಿಕೊಂಡು ವಾಪಸು ಬರುತ್ತಿದ್ದ. ಗಂಗಾಧರ ಕಿವಿಗೊಟ್ಟು ಕೂತ. ಕೆಳಗೆ ಯೂನುಸನ ಹಳೇ ಬೈಕು ಒದ್ದರೂ ಹತ್ತಲಿಲ್ಲ. ಇನ್ನೊಮ್ಮೆ ಒದ್ದ, ಮತ್ತೊಮ್ಮೆ ಒದ್ದ. ಇಳಿದು ಹೋಗಿ ಶನಿವಾರ ಬರುತ್ತೇನೆ ಎನ್ನಲು ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು. ಗಂಗಾಧರನ ಕೈ ಹಸ್ತಪ್ರತಿಯ ಮೇಲೆಯೇ ಇತ್ತು.

ನಾಲ್ಕನೆಯ ಒದೆತಕ್ಕೆ ಬೈಕು ಹತ್ತಿತು. ಲಾರಿಗಳ ನಡುವೆ ನುಸುಳಿ ತಂಬ್ರಹಳ್ಳಿ ಕಡೆಗೆ ಹಗರಿಬೊಮ್ಮನಹಳ್ಳಿ ರಸ್ತೆ ಹಿಡಿಯಿತು. ಯೂನುಸ ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.