ಬಾಣಂತಿ ಕೋಣೆಗೆ ಬಂದ ಪಾಠ

ಕುಬಿಹಾಳದ ಮಲ್ಲಕ್ಕ ಮಗಳ ಕೈಯಿಂದ ಮೊಬೈಲು ಕಸಿದುಕೊಂಡು ಜೋಳದ ಡಬ್ಬಿಯ ಹಿಂದೆ ಇಟ್ಟುಬಿಟ್ಟಳು.

"ಬಾಣಂತಿ ಅದೀ. ಈಗ ಕಣ್ಣಿಗೆ ತ್ರಾಸ ಕೊಟ್ರ ಮುಂದ ಸೂಜಿಗೆ ದಾರ ಪೋಣಸಾಕೂ ಆಗಂಗಿಲ್ಲ. ಓದೂದು ಸಾಕ."

ನಂದಾ ಕೂಸಿನ ಕಡೆ ತಿರುಗಿ ಮಲಗಿದಳು. ಬಿ.ಎ. ಕೊನೆಯ ಸೆಮಿಸ್ಟರಿನ ನಡುವೆ ಹೆರಿಗೆಗೆಂದು ತವರಿಗೆ ಬಂದವಳು. ಪರೀಕ್ಷೆ ಹತ್ತಿರವಾಗುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ಪುಸ್ತಕ ಹಿಡಿಯುವುದು ಆಗದ ಮಾತೆಂದು ಅವಳಿಗೆ ಗೊತ್ತಿತ್ತು, ಮಲ್ಲಕ್ಕನಿಗೂ ಗೊತ್ತಿತ್ತು. ಮಗಳು ಜಗಳ ತೆಗೆದಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು. ಬೆನ್ನು ತಿರುಗಿಸಿ ಮಲಗಿದವಳಿಗೆ ಏನು ಹೇಳುವುದು?

ಸಂಜೆ ಬಸ್ಸಿಳಿದು ನಾಜಮೀನ್ ಬಂದಳು. ಹಿಂದಿನ ಓಣಿಯ ಹುಡುಗಿ, ನಂದಾಳ ಕ್ಲಾಸಿನವಳೇ.

"ಕಾಕು, ಕೈಕಾಲು ತೊಳಕೊಂಡೇನ್ರಿ. ಕೂಸು ನೋಡ್ಲ್ಯಾ?"

"ಬಾ ಯವ್ವಾ. ಅಕೀ ಮುಂದ ಪರೀಕ್ಷಾ ಗಿರೀಕ್ಷಾ ಅನಬ್ಯಾಡ ಮತ್ತ."

"ಅದನ್ನ ಹೇಳಾಕ ಬಂದೇನ್ರಿ! ಶೈಲಾ ಮೇಡಮ್ಮಾರು ಪಾಠಾ ಮಾತಾಡಿ ರೆಕಾರ್ಡ್ ಮಾಡಿ ಕೊಡಾಕತ್ಯಾರ. ಬರಾಕ ಆಗದವ್ರು ಮನ್ಯಾಗ ಕೇಳಬೌದು. ಕಣ್ಣಿಗೆ ಕೆಲಸಾನ ಇಲ್ರಿ."

"ನಮ್ಮ ಮನ್ಯಾಗ ರೇಂಜ್ ಎಲ್ಲೈತಿ? ಬಾಣಂತಿನ್ನ ಮಾಳಗಿ ಏರಸ್ತೀಯೇನ ಬೇ?"

"ಬ್ಯಾಡ್ರಿ ಕಾಕು. ನಾ ಕಾಲೇಜಿನಾಗ ಇಳಿಸಿಕೊಂಡ ತಂದೇನಿ. ಅಕೀ ಫೋನಿಗೆ ಹಾಕಿಬಿಟ್ರ ರೇಂಜೂ ಬೇಕಿಲ್ಲ, ನೆಟ್ಟೂ ಬೇಕಿಲ್ಲ. ಕೂಸು ಅತ್ರ ನಿಲ್ಲಸೂದು, ಮಲಗಿದ್ರ ಮುಂದ ಕೇಳೂದು. ಕ್ಲಾಸಿನಾಗ ಮೇಡಮ್ಮಾರನ್ನ ಹಂಗ ನಿಲ್ಲಸಾಕ ಬರ್ತೈತೇನ್ರಿ?"

ಮಲ್ಲಕ್ಕನಿಗೆ ನಗು ಬಂತು. ತೋರಿಸಿಕೊಳ್ಳದೆ ಫೋನು ತಂದುಕೊಟ್ಟಳು. "ಕಿವಿಯೊಳಗ ಮಾತ್ರ ಏನೂ ತುರಕೂದಿಲ್ಲ. ಗಾಳಿ ಹೋಗಬಾರ್ದಂತ ಹತ್ತಿ ಇಟ್ಟೇನಿ."

ಹಾಗಾಗಿ ಪಾಠ ಗಟ್ಟಿಯಾಗಿಯೇ ಹಚ್ಚಬೇಕಾಯಿತು. ಮರುದಿನ ಮಲ್ಲಕ್ಕ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಶೈಲಾ ಮೇಡಮ್ಮಿನ ದನಿ ಕೋಣೆ ತುಂಬಿತು: "ಹೆಂಗಸರು ಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ, ನೀರು ತರುತ್ತಾರೆ, ಕೂಸು ಸಾಕುತ್ತಾರೆ. ದೇಶದ ಆದಾಯದ ಲೆಕ್ಕದಲ್ಲಿ ಈ ಕೆಲಸ ಸೇರುವುದಿಲ್ಲ."

ಕೂಸಿನ ಬೆನ್ನ ಮೇಲೆ ಮಲ್ಲಕ್ಕನ ಕೈ ನಿಂತಿತು.

"ಅದನ್ನ ಇನ್ನೊಮ್ಮೆ ಹಚ್ಚು."

ಮತ್ತೆ ಕೇಳಿದಳು. ಎಣ್ಣೆಯ ಬಟ್ಟಲು ಬದಿಗಿಟ್ಟಳು. ಆಮೇಲೆ, "ಯಾಕ ಸೇರಸೂದಿಲ್ಲಂತ? ಕೇಳ ಅಕಿನ್ನ."

"ನೀನ ಕೇಳ ಯವ್ವಾ," ಎಂದು ನಂದಾ ರೆಕಾರ್ಡ್ ಒತ್ತಿ ಫೋನು ಮುಂದೆ ಹಿಡಿದಳು.

ಮಲ್ಲಕ್ಕ ಆಚೆ ಓಣಿಯವರನ್ನು ಕರೆಯುವಂತೆ ಕೂಗಿದಳು: "ಅಕ್ಕಾರ, ನಾ ನಂದಾನ ಅವ್ವ ಮಲ್ಲಕ್ಕ. ನಾ ರೊಟ್ಟಿ ಬಡೀಲಿಲ್ಲಂದ್ರ ಮನಿ ಮಂದಿ ಹೊಲಕ್ಕ ಹೆಂಗ ಹೋಗ್ತಾರ್ರಿ? ಆ ಲೆಕ್ಕಾ ಯಾರ ಹತ್ರ ಐತ್ರಿ?"

ಆ ಮಾತನ್ನು ನಾಜಮೀನ್ ತನ್ನ ಫೋನಿನಲ್ಲಿ ಕಾಲೇಜಿಗೆ ಒಯ್ದಳು. ಮೇಡಮ್ಮಿನ ಉತ್ತರವೂ ಅದೇ ದಾರಿಯಲ್ಲಿ ಬಂತು. "ಮಲ್ಲಕ್ಕಾರ, ಮಾರಿದ್ದಕ್ಕ ಬೆಲಿ ಕಟ್ಟೂದು ಸುಲಭ್ರಿ, ನಿಮ್ಮ ಕೆಲಸಕ್ಕ ಕಟ್ಟೂದು ಕಠಿಣ. ನಿಮ್ಮ ಪ್ರಶ್ನಿ ಕ್ಲಾಸಿಗೆಲ್ಲಾ ಕೇಳಿಸೇನ್ರಿ. ಇವತ್ತ ಬ್ಯಾರೆ ಪಾಠಾನ ಆಗಲಿಲ್ಲ!"

ಅಂದಿನಿಂದ ಕೂಸು ಅತ್ತರೆ ಮಲ್ಲಕ್ಕನೇ ಎತ್ತಿಕೊಳ್ಳುತ್ತಿದ್ದಳು. "ನೀ ಕೇಳ. ನಾ ನೋಡ್ಕೋತೀನಿ."

ಪರೀಕ್ಷೆಯ ದಿನ ನಂದಾ ಒಳಗೆ ಬರೆಯುತ್ತಿದ್ದಳು. ಮಲ್ಲಕ್ಕ ಕಾಲೇಜಿನ ಬೇವಿನ ಮರದಡಿ ಕೂಸನ್ನು ಮಾತಾಡಿಸುತ್ತ ರಮಿಸುತ್ತಿದ್ದಳು. ಹಾದುಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ತಟ್ಟನೆ ನಿಂತಳು.

"ಮಲ್ಲಕ್ಕಾರಲ್ರಿ? ದನಿ ಗುರ್ತ ಸಿಕ್ತು."

ಮಲ್ಲಕ್ಕನೂ ಆ ದನಿ ಗುರುತಿಸಿದಳು. ಉಪಕಾರದ ಮಾತುಗಳನ್ನು ಬಸ್ಸಿನಲ್ಲಿ ಜೋಡಿಸಿಕೊಂಡೇ ಬಂದಿದ್ದಳು. ಅವನ್ನೆಲ್ಲ ಬಿಟ್ಟು ಕೂಸನ್ನು ಎತ್ತಿ ಶೈಲಾ ಮೇಡಮ್ಮಿನ ಕೈಗಿಟ್ಟಳು.

"ಇದೂ ಎಲ್ಲಾ ಪಾಠಾ ಕೇಳೇತ್ರಿ."

ನಿಮ್ಮ ಮನೆಯಲ್ಲೂ ಹೆರಿಗೆ, ಸುಗ್ಗಿ, ಕಾಯಿಲೆಯವರ ಆರೈಕೆ ಎಂದು ಓದು ನಿಂತವರಿದ್ದಾರೆಯೇ? ಕಾಲೇಜಿಗೆ ಹೋಗಿ ಕೇಳಿ: ರೆಕಾರ್ಡ್ ಮಾಡಿದ ಪಾಠ ಸಿಗುತ್ತದೆಯೇ? ರೇಂಜ್ ಇಲ್ಲವೆಂದು ಕೈಬಿಡಬೇಡಿ, ಗೆಳತಿಯ ಫೋನಿನಿಂದ ತುಂಬಿಸಿಕೊಳ್ಳಿ. ತಿಳಿಯದ್ದನ್ನು ಮಾತಿನಲ್ಲೇ ಕೇಳಿ ಕಳಿಸಿ. ಹೋಗಲು ಆಗುವ ದಿನ ಕ್ಲಾಸಿಗೆ ಹೋಗಲೇಬೇಕು. ಆಗದ ದಿನ ಪಾಠವೇ ಮನೆಗೆ ಬರಲಿ. ಅದು ಬಂದಾಗ, ಒಂದಿಷ್ಟು ಹೊತ್ತು, ಕೂಸನ್ನು ನೀವು ಎತ್ತಿಕೊಳ್ಳಿ.